ನಮ್ಮ ಕ್ಲಬ್ಬಿಗೆ ಮಾನ್ಯತೆ ಸಿಗುವವರೆಗೆ

ಕಳೆದ ವಾರ ಕೊನೆಗೂ ಆ ಕಾಗದ ಕೈಗೆ ಬಂತು. ಒಂದೇ ಪುಟ. ಮೇಲೆ ವಿಶ್ವವಿದ್ಯಾಲಯದ ಲಾಂಛನ, ಕೆಳಗೆ ಡೀನ್ ಅವರ ಸಹಿ, ಮೊಹರು. ನಮ್ಮ ಆಕಾಶ ವೀಕ್ಷಣೆ ಕ್ಲಬ್ಬಿಗೆ ಪೂರ್ಣ ಮಾನ್ಯತೆ ಕೊಟ್ಟಿದ್ದೇವೆ ಎಂದು ನಡುವೆ ಎರಡು ಸಾಲು. ಅರ್ಜಿ ಕೊಟ್ಟ ದಿನದಿಂದ ಎಣಿಸಿದರೆ 11 ತಿಂಗಳು. ಈ ದಾರಿಯಲ್ಲಿ ನಾವು ಎಡವಿದ ಕಡೆಯೆಲ್ಲ ಇನ್ನೊಬ್ಬರು ಎಡವುವುದು ಬೇಡ ಅನ್ನಿಸಿ, ನೆನಪು ಹಸಿಯಾಗಿರುವಾಗಲೇ ಇದನ್ನು ಬರೆಯುತ್ತಿದ್ದೇನೆ. ನಿಯಮಗಳು ಒಂದೊಂದು ವಿಶ್ವವಿದ್ಯಾಲಯದಲ್ಲಿ ಒಂದೊಂದು ಥರ ಇರುತ್ತವೆ, ನಿಮ್ಮಲ್ಲಿ ಇದೇ ಕಾಗದ ಕೇಳದೆ ಬೇರೆಯದನ್ನು ಕೇಳಬಹುದು. ಆದರೆ ಕಾಯುವುದು ಎಲ್ಲ ಕಡೆಯೂ ಒಂದೇ ಎಂದುಕೊಂಡಿದ್ದೇನೆ.

ಕ್ಲಬ್ ಯಾಕೆ ಬೇಕಾಯಿತು ಎಂಬುದನ್ನು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಮೊದಲ ಸೆಮಿಸ್ಟರಿನಲ್ಲಿ ನನಗೆ ಅಲ್ಲಿ ಯಾರೂ ಇರಲಿಲ್ಲ. ತರಗತಿಯಲ್ಲಿ 80 ಜನ, ಹಾಸ್ಟೆಲಿನಲ್ಲಿ ಅದರ ಮೂರು ಪಟ್ಟು. ಆದರೂ ಒಂದು ಸೋಮವಾರ ಬೆಳಿಗ್ಗೆ ಹಾಜರಿಗೆ 'ಪ್ರೆಸೆಂಟ್ ಸರ್' ಎನ್ನಲು ಹೋದಾಗ ಗಂಟಲಿನಿಂದ ಸ್ವರವೇ ಹೊರಡಲಿಲ್ಲ. ಶನಿವಾರ ಮಧ್ಯಾಹ್ನದಿಂದ ಒಂದು ಮಾತನ್ನೂ ಯಾರ ಹತ್ತಿರವೂ ಆಡಿರಲಿಲ್ಲ ಎಂಬುದು ಆಗ ಹೊಳೆಯಿತು. ಮನೆಗೆ ಫೋನ್ ಮಾಡಿದಾಗ ಎಲ್ಲ ಚೆನ್ನಾಗಿದೆ ಅನ್ನುತ್ತಿದ್ದೆ. ಓದು ಬಿಟ್ಟು ವಾಪಸ್ ಹೋಗಿಬಿಡೋಣ ಎಂದು ಎರಡು ಸಲ ಬ್ಯಾಗಿಗೆ ಬಟ್ಟೆ ತುಂಬಿ ಮತ್ತೆ ತೆಗೆದಿಟ್ಟಿದ್ದೆ.

ಆ ಹೊತ್ತಿಗೆ ಕ್ಲಬ್ಬುಗಳ ಮೇಳ ಬಂತು. ಒಂದೊಂದು ಮೇಜಿನ ಹಿಂದೆ ಒಂದೊಂದು ಕ್ಲಬ್ಬಿನ ಸೀನಿಯರ್‌ಗಳು. ಚರ್ಚಾಕೂಟದವರು ಕೇಂಬ್ರಿಜ್ ಯೂನಿಯನ್ 1815ರಲ್ಲಿ, ಆಕ್ಸ್‌ಫರ್ಡ್ ಯೂನಿಯನ್ 1823ರಲ್ಲಿ ಶುರುವಾದ ಕಥೆ ಹೇಳಿ, ಇನ್ನೂರು ವರ್ಷಗಳ ಪರಂಪರೆ ಇದು, ಬಾ ಎಂದರು. ನಾಟಕದವರು, ಫೋಟೋಗ್ರಫಿಯವರು, ಚದುರಂಗದವರು, ಚಾರಣದವರು ಎಲ್ಲರೂ ಕರೆದರು. ಕರೆದವರನ್ನು ನಿರಾಸೆಗೊಳಿಸಬಾರದೆಂದು ಐದೂ ಕಡೆ ಹೆಸರು ಬರೆಸಿದೆ. ಎರಡು ತಿಂಗಳಲ್ಲಿ ಐದನ್ನೂ ಬಿಟ್ಟೆ. ಜಗಳವೇನೂ ಆಗಲಿಲ್ಲ. ಹೋಗುತ್ತಿದ್ದೆ, ಹಿಂದಿನ ಸಾಲಿನಲ್ಲಿ ಕೂರುತ್ತಿದ್ದೆ, ಕೇಳುತ್ತಿದ್ದೆ, ಬರುತ್ತಿದ್ದೆ. ನಾನು ಹೋಗದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಹೋದರೂ ಗೊತ್ತಾಗುತ್ತಿರಲಿಲ್ಲ. ಆ ಕ್ಲಬ್ಬುಗಳಲ್ಲಿ ಏನೂ ಕೊರತೆ ಇರಲಿಲ್ಲ. ಅಲ್ಲಿ ನನಗೊಂದು ಕೆಲಸ ಇರಲಿಲ್ಲ ಅಷ್ಟೇ. ಇದು ಅರ್ಥವಾಗಲು ನನಗೆ ಇನ್ನೊಂದು ವರ್ಷ ಬೇಕಾಯಿತು.

ಒಂದು ರಾತ್ರಿ ಕರೆಂಟು ಹೋಗಿ ಇಡೀ ಕ್ಯಾಂಪಸ್ ಕತ್ತಲಾಯಿತು. ಗ್ರಂಥಾಲಯದ ಮೆಟ್ಟಿಲ ಮೇಲೆ ಕೂತಿದ್ದೆ. ಪಕ್ಕದಲ್ಲಿ ಕೂತಿದ್ದ ಹುಡುಗಿ ಓರಿಯನ್ ನಕ್ಷತ್ರಪುಂಜ ತೋರಿಸಿ, ಆ ಮೂರು ನಕ್ಷತ್ರಗಳ ಸಾಲಿನ ಕೆಳಗೆ ಮಸುಕಾಗಿ ಕಾಣುತ್ತದಲ್ಲ, ಅದು ನಕ್ಷತ್ರ ಅಲ್ಲ, ಅನಿಲದ ಮೋಡ, ಅಲ್ಲಿ ಹೊಸ ನಕ್ಷತ್ರಗಳು ಹುಟ್ಟುತ್ತಿವೆ ಎಂದಳು. ಅವಳು ಗಣಿತ ವಿಭಾಗದವಳು. ಎರಡು ಮೆಟ್ಟಿಲು ಕೆಳಗಿದ್ದ ಚರಿತ್ರೆ ವಿಭಾಗದ ಹುಡುಗ ತಿರುಗಿ ನೋಡಿ, ಎಲ್ಲಿ ಎಂದ. ಕರೆಂಟು ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಮಾತಾಡಿದ್ದೆವು. ಎದ್ದು ಹೋಗುವಾಗ ಚರಿತ್ರೆಯವನು, ಇದಕ್ಕೊಂದು ಕ್ಲಬ್ ಇಲ್ಲವಾ ಎಂದು ಕೇಳಿದ. ಇರಲಿಲ್ಲ.

ಮರುದಿನ ಮೂವರೂ ವಿದ್ಯಾರ್ಥಿ ಕ್ಷೇಮಪಾಲನಾ ವಿಭಾಗಕ್ಕೆ ಹೋದೆವು. ಒಂದು ಅರ್ಜಿ ಬರೆದುಕೊಟ್ಟರೆ ಮುಗಿಯಿತು ಎಂದುಕೊಂಡು ಹೋದವರ ಕೈಗೆ ಗುಮಾಸ್ತರು ಎಂಟು ಪುಟದ ನಮೂನೆ ಕೊಟ್ಟರು. ಬೇಕಾದದ್ದು: ಕನಿಷ್ಠ ಮೂರು ವಿಭಾಗಗಳ 20 ವಿದ್ಯಾರ್ಥಿಗಳ ಸಹಿ, ಅವರ ನೋಂದಣಿ ಸಂಖ್ಯೆ, ಗುರುತಿನ ಚೀಟಿಯ ಪ್ರತಿ, ಕ್ಲಬ್ಬಿನ ನಿಯಮಾವಳಿ, ಪದಾಧಿಕಾರಿಗಳ ಪಟ್ಟಿ, ಸಲಹೆಗಾರರಾಗಲು ಒಪ್ಪಿದ ಅಧ್ಯಾಪಕರ ಪತ್ರ, ಒಂದು ವರ್ಷದ ಕಾರ್ಯಕ್ರಮಗಳ ಯೋಜನೆ, ಖರ್ಚಿನ ಅಂದಾಜು, ಸುರಕ್ಷತೆಯ ಮುಚ್ಚಳಿಕೆ.

ಸಹಿ ಸಂಗ್ರಹಿಸುವುದಕ್ಕೆ ಒಂದು ವಾರ ಹಿಡಿಯಿತು. ಇಲ್ಲೊಂದು ಮಾತು. ಸಹಿ ಮಾಡುವವರೆಲ್ಲ ಕ್ಲಬ್ಬಿಗೆ ಬರುವುದಿಲ್ಲ, ಬರಲಿ ಎಂದು ನಿರೀಕ್ಷಿಸಬೇಡಿ, ಆದರೆ ಸುಳ್ಳು ಹೇಳಿ ಸಹಿ ಹಾಕಿಸಿಕೊಳ್ಳಬೇಡಿ. ನಾವು 22 ಸಹಿ ಹಾಕಿಸಿದ್ದೆವು. 12 ದಿನ ಬಿಟ್ಟು ಅರ್ಜಿ ವಾಪಸ್ ಬಂತು. 22ರಲ್ಲಿ ನಾಲ್ವರು ಕೊನೆಯ ಸೆಮಿಸ್ಟರಿನವರು, ಅವರು ಲೆಕ್ಕಕ್ಕಿಲ್ಲ. ಇದು ನಮೂನೆಯ ಕೊನೆಯ ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿತ್ತು. ಬೇಕಾದ್ದಕ್ಕಿಂತ ಹತ್ತು ಸಹಿ ಹೆಚ್ಚಿಗೆ ಇಟ್ಟುಕೊಳ್ಳಿ, ಅರ್ಧದಷ್ಟಾದರೂ ಮೊದಲ ವರ್ಷದವರದಾಗಿರಲಿ.

ಸಲಹೆಗಾರರನ್ನು ಹುಡುಕುವುದು ಇದಕ್ಕಿಂತ ಕಷ್ಟವಾಯಿತು. ಭೌತಶಾಸ್ತ್ರ ವಿಭಾಗದ ನಾಲ್ವರು ಅಧ್ಯಾಪಕರನ್ನು ಕೇಳಿದೆವು. ಒಬ್ಬರು ರಜೆಯ ಮೇಲೆ ಹೋಗುವವರಿದ್ದರು, ಇಬ್ಬರು ಆಗಲೇ ಬೇರೆ ಕ್ಲಬ್ಬುಗಳಿಗೆ ಸಲಹೆಗಾರರಾಗಿದ್ದರು, ಒಬ್ಬರು ರಾತ್ರಿ ಹೊತ್ತಿನ ಜವಾಬ್ದಾರಿ ಬೇಡ ಎಂದರು. ಅವರ ಮಾತಿನಲ್ಲಿ ತಪ್ಪಿಲ್ಲ, ಏನಾದರೂ ಅನಾಹುತವಾದರೆ ಮೊದಲು ಕೇಳುವುದು ಅವರನ್ನೇ. ಕೊನೆಗೆ ಒಪ್ಪಿದವರು ಶಿಕ್ಷಣಶಾಸ್ತ್ರದ ಮೇಡಂ. ಖಗೋಳದ ವಿಷಯ ನನಗೇನೂ ಗೊತ್ತಿಲ್ಲ ಎಂದು ಮೊದಲೇ ಹೇಳಿದರು. ಮತ್ತೆ ಯಾಕೆ ಒಪ್ಪಿದಿರಿ ಮೇಡಂ ಎಂದು ಎಷ್ಟೋ ದಿನಗಳ ಮೇಲೆ ಕೇಳಿದೆ. ಆಗ ಅವರು ಅಮೆರಿಕದ ಶಿಕ್ಷಣತಜ್ಞ ವಿನ್ಸೆಂಟ್ ಟಿಂಟೊ 1975ರಲ್ಲಿ ಮಂಡಿಸಿದ ವಾದವನ್ನು ವಿವರಿಸಿದರು. ವಿದ್ಯಾರ್ಥಿ ಓದನ್ನು ಅರ್ಧಕ್ಕೆ ಬಿಡುವುದು ಬರೀ ಅಂಕ ಕಡಿಮೆ ಬಂತೆಂದಲ್ಲ. ಅಲ್ಲಿನ ಪಾಠದಲ್ಲೂ ಜನರಲ್ಲೂ ಬೆರೆಯಲು ಆಗಿದೆಯೋ ಇಲ್ಲವೋ ಎಂಬುದು ದೊಡ್ಡ ಮಾತು. ಹಾಗೆಯೇ ಅಮೆರಿಕದವರೇ ಆದ ಅಲೆಕ್ಸಾಂಡರ್ ಆಸ್ಟಿನ್ 1984ರಲ್ಲಿ ಬರೆದದ್ದು: ಕ್ಯಾಂಪಸ್ಸಿನ ಬದುಕಿಗೆ ವಿದ್ಯಾರ್ಥಿ ಎಷ್ಟು ಹೊತ್ತು, ಎಷ್ಟು ಶ್ರಮ ಹಾಕುತ್ತಾನೋ ಅವನ ಬೆಳವಣಿಗೆಯೂ ಅಷ್ಟೇ. "ಮೊದಲನೇ ದಿನ ನೀನು ನನ್ನ ಕೊಠಡಿಗೆ ಬಂದಾಗ ಬಾಗಿಲಲ್ಲೇ ನಿಂತಿದ್ದೆ, ಒಳಗೆ ಬರಲು ಮೂರು ಸಲ ಹೇಳಬೇಕಾಯಿತು. ಅದಕ್ಕೇ ಒಪ್ಪಿದೆ," ಎಂದರು. ಬ್ಯಾಗಿಗೆ ಬಟ್ಟೆ ತುಂಬಿದ್ದ ವಿಷಯವನ್ನು ನಾನು ಮೊದಲ ಸಲ ಹೇಳಿಕೊಂಡದ್ದು ಅವರಲ್ಲೇ.

ಸಲಹೆಗಾರರು ನಿಮ್ಮ ವಿಷಯದಲ್ಲಿ ಪಂಡಿತರೇ ಆಗಿರಬೇಕಿಲ್ಲ. ಫೋನ್ ಎತ್ತುವವರು, ಬೇಗ ಸಹಿ ಹಾಕುವವರು, ನಿಮ್ಮ ಪರವಾಗಿ ಒಂದು ಮಾತು ಆಡುವವರು ಸಿಕ್ಕರೆ ಸಾಕು.

ಎರಡನೇ ಸಲ ಅರ್ಜಿ ವಾಪಸ್ ಬಂದದ್ದು ನಿಯಮಾವಳಿಯ ಕಾರಣಕ್ಕೆ. ಇನ್ನೊಂದು ಕ್ಲಬ್ಬಿನದನ್ನೇ ನಕಲು ಮಾಡಿ ಹೆಸರು ಬದಲಾಯಿಸಿದ್ದೆವು. ಸಭೆಗೆ ಕೋರಂ, ಅಂದರೆ ಕನಿಷ್ಠ ಹಾಜರಿ ಎಷ್ಟು, ಪದಾಧಿಕಾರಿಯನ್ನು ನಡುವೆ ಕೆಳಗಿಳಿಸುವುದು ಹೇಗೆ, ಮುಂದೊಂದು ದಿನ ಕ್ಲಬ್ ಮುಚ್ಚಿದರೆ ಉಳಿದ ಹಣ ಮತ್ತು ಸಾಮಾನು ಯಾರಿಗೆ ಎಂಬ ಮೂರೂ ಅದರಲ್ಲಿ ಇರಲಿಲ್ಲ. ಕ್ಲಬ್ ಹುಟ್ಟುವ ಮೊದಲೇ ಅದು ಸತ್ತರೆ ಏನು ಎಂದು ಬರೆಯಬೇಕಲ್ಲ ಎಂದು ಬೇಸರವಾಯಿತು. ಈಗ ನೋಡಿದರೆ ಆ ಮೂರು ಪ್ರಶ್ನೆಗಳಿಗಾಗಿ ಅವರಿಗೆ ಋಣಿ. ನಿಯಮಾವಳಿ ಬರೆಯಲು ಮೂರು ರಾತ್ರಿ ಕೂತೆವು. ಯಾರಿಗೆ ಯಾವ ಕೆಲಸ, ಒಬ್ಬರು ಮಾಡದಿದ್ದರೆ ಇನ್ನೊಬ್ಬರು ಹೇಗೆ ಕೇಳಬೇಕು ಎಂಬುದನ್ನೆಲ್ಲ ಸ್ನೇಹ ಚೆನ್ನಾಗಿರುವಾಗಲೇ ಬರೆದಿಟ್ಟಿದ್ದರಿಂದ, ಮುಂದೆ ಮನಸ್ತಾಪ ಬಂದಾಗ ಆ ಪುಟಗಳೇ ನಮ್ಮನ್ನು ಉಳಿಸಿದವು.

ಮೂರನೇ ಸಲ ಹೆಸರಿಗೆ ತಕರಾರು. ನಾವಿಟ್ಟ ಹೆಸರು ಭೌತಶಾಸ್ತ್ರ ವಿಭಾಗದ ಸಂಘದ ಹೆಸರನ್ನು ಹೋಲುತ್ತದೆಯಂತೆ. ಬದಲಾಯಿಸಿ ಕೊಟ್ಟೆವು. ಆಮೇಲೆ 41 ದಿನ ಮೌನ. ವಾರಕ್ಕೆರಡು ಸಲ ಹೋಗಿ ಕೇಳುತ್ತಿದ್ದೆ, ಸಮಿತಿ ಸೇರಿಲ್ಲ ಎಂಬುದು ಉತ್ತರ. ಆ ದಿನಗಳು ನನಗೆ ಬಹಳ ಭಾರವಾಗಿದ್ದವು. ಸಹಿ ಮಾಡಿದವರು ಎದುರಾದಾಗ, ಏನಾಯಿತು ನಿಮ್ಮ ಕ್ಲಬ್ ಎಂದು ಕೇಳುತ್ತಿದ್ದರು. ಚರಿತ್ರೆಯವನು, ಬಿಟ್ಟುಬಿಡೋಣ ಕಣೋ, ಮೂವರೇ ಮೆಟ್ಟಿಲ ಮೇಲೆ ಕೂತು ನೋಡೋಣ ಎಂದ. ಅವನ ಮಾತು ಹಿತವಾಗಿಯೇ ಕಂಡಿತು. ಆದರೆ ಆ ರಾತ್ರಿ ನಾನು ಮೆಟ್ಟಿಲ ಮೇಲೆ ಕೂತದ್ದು ಆಕಸ್ಮಿಕ. ಕರೆಂಟು ಹೋಗದೆ ಇದ್ದಿದ್ದರೆ ಆ ಮಾತುಕತೆ ಆಗುತ್ತಲೇ ಇರಲಿಲ್ಲ. ಕರೆಂಟು ಹೋಗುವುದನ್ನು ಕಾಯುತ್ತ ಕೂತಿರುವ ಇನ್ನೊಬ್ಬರು ಇರಬಹುದಲ್ಲ ಎಂದು ನಾನು ಹಟ ಹಿಡಿದೆ.

ಅರ್ಜಿ ಕೊಟ್ಟ 103ನೇ ದಿನ ತಾತ್ಕಾಲಿಕ ಮಾನ್ಯತೆ ಬಂತು. ಆರು ತಿಂಗಳ ಅವಧಿ. ಅಷ್ಟರಲ್ಲಿ ಕನಿಷ್ಠ ಆರು ಕಾರ್ಯಕ್ರಮ, ಪ್ರತಿ ಸಭೆಗೂ ನಡಾವಳಿ, ಪೈಸೆ ಪೈಸೆಗೂ ರಸೀದಿ. ತಾತ್ಕಾಲಿಕ ಅವಧಿಯಲ್ಲಿ ಅನುದಾನ ಮಾತ್ರ ಇಲ್ಲ.

ಹಣದ ವಿಷಯ ಬಿಚ್ಚಿ ಹೇಳುತ್ತೇನೆ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಝೆರಾಕ್ಸ್, ಬೈಂಡಿಂಗ್, ಪೋಸ್ಟರ್, ಕತ್ತಲಿಗೆ ಹೊಂದಿದ ಕಣ್ಣು ಕೆಡದಂತೆ ಟಾರ್ಚಿಗೆ ಸುತ್ತುವ ಕೆಂಪು ಹಾಳೆ, ನಡಾವಳಿ ಪುಸ್ತಕ, ರಸೀದಿ ಪುಸ್ತಕ ಎಂದು ಸಣ್ಣಸಣ್ಣ ಖರ್ಚೇ ಸೇರಿ, ನಾವು ಮೂವರೂ ಒಂದು ತಿಂಗಳ ಕೈಖರ್ಚಿನ ಅರ್ಧದಷ್ಟನ್ನು ಹಾಕಬೇಕಾಯಿತು. ಅದರಲ್ಲಿ ಸುಮಾರು ಮೂರನೇ ಒಂದು ಭಾಗ ವಾಪಸ್ ಬರಲಿಲ್ಲ, ರಸೀದಿ ಇರಲಿಲ್ಲವಾದ್ದರಿಂದ. ಸದಸ್ಯತ್ವ ಶುಲ್ಕ ಇಡಬೇಕೇ ಬೇಡವೇ ಎಂದು ಬಹಳ ಚರ್ಚೆಯಾಯಿತು. ಇಡದಿರಲು ತೀರ್ಮಾನಿಸಿದೆವು. ಶುಲ್ಕ ಎಷ್ಟೇ ಸಣ್ಣದಾದರೂ ಅದನ್ನು ಕೊಡಲಾರದವನು ಅದನ್ನು ಹೇಳಿಕೊಳ್ಳುವುದಿಲ್ಲ, ಸುಮ್ಮನೆ ಬರುವುದನ್ನು ನಿಲ್ಲಿಸುತ್ತಾನೆ. ದೇಣಿಗೆ ಬಂದರೆ ಯಾರದೋ ಸ್ವಂತ ಖಾತೆಗೆ ಹಾಕಿಸಿಕೊಳ್ಳಬೇಡಿ. ಲೆಕ್ಕಪತ್ರ ವಿಭಾಗದವರು ಕ್ಲಬ್ಬಿನ ಹೆಸರಿಗೆ ಒಂದು ಖಾತೆ ಮಾಡಿಕೊಡುತ್ತಾರಾ ಎಂದು ಕೇಳಿ, ಇಬ್ಬರ ಸಹಿ ಇಲ್ಲದೆ ಹಣ ತೆಗೆಯಲು ಬರದ ಹಾಗೆ ಮಾಡಿ.

ಮಾನ್ಯತೆ ಬಂದರೂ ಟೆರೇಸಿನ ಬೀಗದ ಕೈ ಬರಲಿಲ್ಲ. ಇದನ್ನು ನಾವು ಯಾರೂ ಊಹಿಸಿರಲಿಲ್ಲ. ಆಕಾಶ ನೋಡುವ ಕ್ಲಬ್ಬಿಗೆ ಮೇಲೆ ಹೋಗಲು ಅನುಮತಿ ಬೇಕಲ್ಲ! ಭದ್ರತಾ ವಿಭಾಗದವರು ಕಟ್ಟಡಗಳನ್ನು ನೋಡಿಕೊಳ್ಳುವ ಎಸ್ಟೇಟ್ ವಿಭಾಗಕ್ಕೆ ಕಳಿಸಿದರು, ಅವರು ಡೀನ್ ಹತ್ತಿರ ಬರೆಸಿಕೊಂಡು ಬನ್ನಿ ಎಂದರು, ಡೀನ್ ಕಚೇರಿಯಲ್ಲಿ ಭದ್ರತಾ ವಿಭಾಗದ ಅಭಿಪ್ರಾಯ ಕೇಳಿದರು. ಮೂರು ವಾರ ಈ ಸುತ್ತು. ಕೊನೆಗೆ ಮೇಡಂ ಒಂದು ಉಪಾಯ ಹೇಳಿದರು: ಮೂರೂ ಕಡೆ ಬೇರೆ ಬೇರೆ ಅರ್ಜಿ ಹಾಕಬೇಡ, ಒಂದೇ ಪತ್ರ ಬರೆದು ಮೂವರನ್ನೂ ಒಂದೇ ದಿನ ಟೆರೇಸಿಗೆ ಕರೆದುಕೊಂಡು ಹೋಗು. ಹಾಗೇ ಮಾಡಿದೆ. ಮೇಲೆ ನಿಂತು ಪ್ಯಾರಪೆಟ್ ಗೋಡೆಯ ಎತ್ತರ ಅಳೆದರು, ಒಮ್ಮೆಗೆ 25ಕ್ಕಿಂತ ಹೆಚ್ಚು ಜನ ಬೇಡ, ರಾತ್ರಿ 10ಕ್ಕೆ ಕೀ ವಾಪಸ್ ಬರಬೇಕು, ಹೋಗುವವರ ಹೆಸರು ರಿಜಿಸ್ಟರಿನಲ್ಲಿ ಬರೆಯಬೇಕು ಎಂದು ಅಲ್ಲಿಯೇ ತೀರ್ಮಾನಿಸಿ ಸಹಿ ಹಾಕಿದರು. ಹತ್ತು ನಿಮಿಷದ ಕೆಲಸ. ಸುರಕ್ಷತೆಯ ಮುಚ್ಚಳಿಕೆಯಲ್ಲಿ ನಾವಾಗಿಯೇ ಇನ್ನೊಂದನ್ನು ಸೇರಿಸಿದೆವು: ಸೂಕ್ತ ಫಿಲ್ಟರ್ ಇಲ್ಲದೆ ದೂರದರ್ಶಕವನ್ನು ಸೂರ್ಯನ ಕಡೆ ಎಂದೂ ತಿರುಗಿಸುವುದಿಲ್ಲ. ಕಣ್ಣು ಕ್ಷಣದಲ್ಲಿ ಹೋಗಿಬಿಡುತ್ತದೆ, ಇದರಲ್ಲಿ ಸಡಿಲ ಬಿಡುವಂತಿಲ್ಲ.

ದೂರದರ್ಶಕವನ್ನು ಭೌತಶಾಸ್ತ್ರದ ಪ್ರಯೋಗಾಲಯ ಎರವಲು ಕೊಟ್ಟಿತು. 150 ಮಿಲಿಮೀಟರ್ ಕನ್ನಡಿಯ, ಡಾಬ್ಸೋನಿಯನ್ ಎಂಬ ಸರಳ ಬಗೆಯ ಹಳೆಯ ದೂರದರ್ಶಕ, ಎಷ್ಟೋ ವರ್ಷದಿಂದ ಬೀರುವಿನ ಹಿಂದೆ ಬಟ್ಟೆ ಮುಚ್ಚಿಕೊಂಡು ನಿಂತಿತ್ತು. ಮೊದಲ ಕಾರ್ಯಕ್ರಮಕ್ಕೆ ಗುರು ಗ್ರಹವನ್ನು ಆರಿಸಿಕೊಂಡೆವು. 1610ರ ಜನವರಿಯಲ್ಲಿ ಗೆಲಿಲಿಯೊ ಕಂಡ ನಾಲ್ಕು ಉಪಗ್ರಹಗಳು ನಮ್ಮ ಹಳೆಯ ಕನ್ನಡಿಯಲ್ಲೂ ಚುಕ್ಕಿ ಇಟ್ಟಂತೆ ಕಂಡವು. ಆ ದಿನ 62 ಜನ ಬಂದರು, 25ರ ಗುಂಪು ಮಾಡಿ ಮೂರು ಸರದಿಯಲ್ಲಿ ಮೇಲೆ ಕಳಿಸಿದೆವು. ಅಷ್ಟು ಸಂತೋಷವನ್ನು ನಾನು ಆ ಕ್ಯಾಂಪಸ್ಸಿನಲ್ಲಿ ಅದುವರೆಗೆ ಕಂಡಿರಲಿಲ್ಲ.

ಎರಡನೆಯದಕ್ಕೆ 31. ಮೂರನೆಯದಕ್ಕೆ ಮೋಡ ಮುಚ್ಚಿ 9 ಜನ. ನಾಲ್ಕನೆಯದಕ್ಕೆ 7, ಅದರಲ್ಲಿ ನಾವೇ ಮೂವರು. ಎಲ್ಲ ಹೊಸ ಕ್ಲಬ್ಬುಗಳಿಗೂ ಹೀಗೆಯೇ ಆಗುತ್ತದೆ ಎಂದು ಚಾರಣದ ಕ್ಲಬ್ಬಿನ ಸೀನಿಯರ್ ಒಬ್ಬರು ಸಮಾಧಾನ ಹೇಳಿದರು. ನಾವು ಮೂವರೂ ಮಾತ್ರ ಒಬ್ಬರನ್ನೊಬ್ಬರು ದೂರಿಕೊಂಡೆವು. ಪೋಸ್ಟರ್ ತಡವಾಯಿತು ಎಂದು ನಾನು, ನೀನೇ ಎಲ್ಲ ಮಾಡುತ್ತೀಯ, ನಮಗೆ ಹೇಳುವುದಿಲ್ಲ ಎಂದು ಗಣಿತದವಳು. ಅವಳ ಮಾತು ನಿಜವಾಗಿತ್ತು. ಆ ಸೆಮಿಸ್ಟರಿನಲ್ಲಿ ಒಂದು ವಿಷಯದಲ್ಲಿ ನನ್ನ ಅಂಕ ಪಾಸಿನ ಅಂಚಿಗೆ ಬಂದು ನಿಂತಿತ್ತು. ಕ್ಲಬ್ಬಿನ ಕೆಲಸ ಓದಿನ ಹೊತ್ತನ್ನು ನುಂಗುತ್ತದೆ, ಇದು ಮೊದಲೇ ಗೊತ್ತಿರಲಿ. ಪರೀಕ್ಷೆಗೆ ಮುಂಚಿನ ಮೂರು ವಾರ ಯಾವ ಕಾರ್ಯಕ್ರಮವೂ ಇಲ್ಲ ಎಂದು ಈಗ ನಿಯಮಾವಳಿಯಲ್ಲೇ ಸೇರಿಸಿದ್ದೇವೆ.

ಬಿದ್ದದ್ದನ್ನು ಎತ್ತಿದ್ದು ಒಂದು ಸಣ್ಣ ಸಂಗತಿ. ನಾಲ್ಕನೇ ಕಾರ್ಯಕ್ರಮಕ್ಕೆ ಬಂದ ಏಳು ಜನರಲ್ಲಿ ಮೊದಲ ವರ್ಷದ ಹುಡುಗನೊಬ್ಬನಿದ್ದ. ಮೊದಲನೇ ದಿನದಿಂದ ತಪ್ಪದೆ ಬರುತ್ತಿದ್ದ, ಗೋಡೆಗೆ ಒರಗಿ ನಿಲ್ಲುತ್ತಿದ್ದ, ಮಾತಿಲ್ಲ. ನಮ್ಮಲ್ಲಿ ಜಗಳವಾಗಿ ಯಾರೂ ಮುಂದಕ್ಕೆ ಬರದಿದ್ದಾಗ ನಾನು ದೂರದರ್ಶಕದ ಮುಚ್ಚಳವನ್ನು ಅವನ ಕೈಗೆ ಕೊಟ್ಟು, ಇದನ್ನು ಜೋಪಾನ ಮಾಡು, ಕೊನೆಗೆ ನೀನೇ ಮುಚ್ಚಬೇಕು ಎಂದೆ. ಎರಡು ಗಂಟೆ ಹೊತ್ತು ಅವನು ಆ ಪ್ಲಾಸ್ಟಿಕ್ ಮುಚ್ಚಳವನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದುಕೊಂಡು ನಿಂತಿದ್ದ. ಬೀಗ ಹಾಕಿ ಇಳಿಯುವಾಗ, ಮುಂದಿನ ವಾರ ನಾನು ಬೇಗ ಬರಲಾ, ಕನ್ನಡಿ ಸರಿ ಹೊಂದಿಸುವುದು ಹೇಗೆ ಅಂತ ಹೇಳಿಕೊಡುತ್ತೀರಾ ಅಣ್ಣಾ ಎಂದು ಕೇಳಿದ. ಅಷ್ಟು ಉದ್ದದ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು.

ಆಮೇಲೆ ಬಂದವರಿಗೆಲ್ಲ ಒಂದೊಂದು ಕೆಲಸ ಕೊಡತೊಡಗಿದೆವು. ಒಬ್ಬರಿಗೆ ರಿಜಿಸ್ಟರ್, ಒಬ್ಬರಿಗೆ ಕೆಂಪು ಟಾರ್ಚು, ಒಬ್ಬರಿಗೆ ಸರದಿ ನೋಡಿಕೊಳ್ಳುವುದು, ಒಬ್ಬರಿಗೆ ಆ ವಾರ ಏನು ಕಾಣುತ್ತದೆಂದು ಐದು ನಿಮಿಷ ಹೇಳುವುದು. ಮೇಡಂ ಇದನ್ನು ಕೇಳಿ, ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅವರ 2018ರ ಅಧ್ಯಯನವನ್ನು ಓದಲು ಕೊಟ್ಟರು. ಪರಿಚಯದವರು ಸಾಮಾನ್ಯ ಸ್ನೇಹಿತರಾಗಲು ಒಟ್ಟಿಗೆ ಸುಮಾರು 50 ಗಂಟೆ, ಸ್ನೇಹಿತರು ಎನ್ನುವಷ್ಟಾಗಲು 90 ಗಂಟೆ, ಆಪ್ತರಾಗಲು 200 ಗಂಟೆಗೂ ಮೇಲೆ ಬೇಕು ಎಂಬುದು ಅದರ ಅಂದಾಜು. ಗಣಿತದವಳು ಅಲ್ಲಿಯೇ ಲೆಕ್ಕ ಹಾಕಿದಳು. ವಾರಕ್ಕೆ ಎರಡು ಗಂಟೆಯ ಕಾರ್ಯಕ್ರಮಕ್ಕೆ ಬಂದು ಹೋದರೆ 16 ವಾರದ ಸೆಮಿಸ್ಟರಿಗೆ 32 ಗಂಟೆ, 50 ಕೂಡ ದಾಟುವುದಿಲ್ಲ. ಸಾಮಾನು ಹೊತ್ತು, ಪೋಸ್ಟರ್ ಬರೆದು, ನಡಾವಳಿ ತಿದ್ದಿ ವಾರಕ್ಕೆ ಆರು ಗಂಟೆ ಜೊತೆಗಿದ್ದರೆ 96. ಐದು ಕ್ಲಬ್ಬುಗಳ ಹಿಂದಿನ ಸಾಲಿನಲ್ಲಿ ಕೂತು ಎದ್ದುಬಂದ ನನ್ನ ಮೊದಲ ಸೆಮಿಸ್ಟರ್ ಆ ಲೆಕ್ಕದಲ್ಲಿ ಇತ್ತು. ಹೊಸದಾಗಿ ಸೇರುವವರಿಗೆ ನನ್ನ ಮನವಿ ಇಷ್ಟೇ: ಐದು ಕಡೆ ಹೆಸರು ಬರೆಸಬೇಡಿ, ಒಂದೇ ಕಡೆ ಹೋಗಿ, ಮೊದಲ ದಿನವೇ ನನಗೊಂದು ಕೆಲಸ ಕೊಡಿ ಎಂದು ಕೇಳಿ.

ಇನ್ನೊಂದನ್ನು ಒತ್ತಿ ಹೇಳಬೇಕು. ಕೆಲಸ ಕೊಡುವುದು ಬೇರೆ, ಹೊಸಬರನ್ನು ಆಳುವುದು ಬೇರೆ. ಸೇರಿಸಿಕೊಳ್ಳುವುದಕ್ಕೆ ಅವಮಾನ ಮಾಡುವ, ಕುಡಿಸುವ, ಗುಟ್ಟಾಗಿ ಇಡು ಎನ್ನುವ ಗುಂಪಿಗೆ ಯಾವ ಹೆಸರಿದ್ದರೂ ಎಷ್ಟು ಹಳೆಯದಾದರೂ ಅಲ್ಲಿಂದ ಎದ್ದು ಬನ್ನಿ, ನಂಬುವ ಅಧ್ಯಾಪಕರೊಬ್ಬರಿಗೆ ಹೇಳಿ. ಒಂಟಿಯಾಗಿರುವವರೇ ಇಂಥದ್ದಕ್ಕೆ ಬೇಗ ಸಿಕ್ಕಿಬೀಳುವುದು. ಮೊದಲ ಸೆಮಿಸ್ಟರಿನಲ್ಲಿ ಯಾರಾದರೂ ಕರೆದಿದ್ದರೆ ನಾನೂ ಹೋಗಿಬಿಡುತ್ತಿದ್ದೆ.

ಉಳಿದ ಕಾರ್ಯಕ್ರಮಗಳು ಸಲೀಸಾಗಿ ನಡೆದವು. ಕಲಿತದ್ದು ಒಂದೆರಡು: ಚಂದ್ರನನ್ನು ತೋರಿಸಲು ಹುಣ್ಣಿಮೆ ಬೇಡ, ಅರ್ಧಚಂದ್ರನ ದಿನ ಕುಳಿಗಳ ನೆರಳು ಎದ್ದು ಕಾಣುತ್ತದೆ. ಕಣ್ಣು ಕತ್ತಲಿಗೆ ಹೊಂದಲು 20ರಿಂದ 30 ನಿಮಿಷ ಬೇಕು, ಆ ಹೊತ್ತಿನಲ್ಲಿ ಒಬ್ಬರು ಮೊಬೈಲ್ ತೆಗೆದರೂ ಎಲ್ಲರದೂ ಹೋಯಿತು. ಮೊಬೈಲ್ ಜೇಬಿಗಿಟ್ಟು ಕತ್ತಲಲ್ಲಿ ಕಾಯುವ ಆ ಅರ್ಧ ಗಂಟೆಯಲ್ಲೇ ಜನ ಹೆಚ್ಚು ಮಾತಾಡುತ್ತಾರೆ. ಮುಖ ಕಾಣುವುದಿಲ್ಲವಲ್ಲ, ಸಂಕೋಚವೂ ಇರುವುದಿಲ್ಲ.

ಆರು ತಿಂಗಳು ಮುಗಿದ ಮೇಲೆ ನಡಾವಳಿ, ಹಾಜರಿ, ಲೆಕ್ಕಪತ್ರ, ಫೋಟೋ ಎಲ್ಲ ಸೇರಿಸಿ ವರದಿ ಕೊಟ್ಟೆವು. ಲೆಕ್ಕದಲ್ಲಿ ಎರಡು ರಸೀದಿ ಇಲ್ಲವೆಂದು ಒಮ್ಮೆ ವಾಪಸ್ ಬಂತು. ಸಮಿತಿಯ ಮುಂದೆ ಕೂತದ್ದು ಕಾಲು ಗಂಟೆ. ನಿಮ್ಮ ನಂತರ ಯಾರು ಎಂದು ಒಬ್ಬರು ಕೇಳಿದರು. ಉತ್ತರ ಹೇಳುವ ಮೊದಲು ನಾವು ಮೂವರೂ ಬಾಗಿಲ ಕಡೆ ತಿರುಗಿದೆವು. ಕಡತ ಹಿಡಿದುಕೊಂಡು ಆ ಮುಚ್ಚಳದ ಹುಡುಗ ಹೊರಗೆ ನಿಂತಿದ್ದ.

ನಿನ್ನೆ ಟೆರೇಸಿನ ಕೀ ಅವನ ಹೆಸರಿಗೆ ಬದಲಾಯಿತು. ಭದ್ರತಾ ಕೊಠಡಿಯ ರಿಜಿಸ್ಟರಿನಲ್ಲಿ ನನ್ನ ಹೆಸರಿನ ಮುಂದೆ 'ಹಿಂದಿರುಗಿಸಿದೆ' ಎಂದು ಬರೆದು ಸಹಿ ಹಾಕಿದೆ. ಕೆಳಗಿನ ಸಾಲಿನಲ್ಲಿ ಅವನು ತನ್ನ ಹೆಸರು, ನೋಂದಣಿ ಸಂಖ್ಯೆ, ಹೊತ್ತು ಬರೆದ. ಕಾವಲುಗಾರರು ಕೀ ಕೊಡುತ್ತ, ಹತ್ತಕ್ಕೆ ವಾಪಸ್ ಎಂದರು. ಗೊತ್ತು ಸರ್ ಎಂದವನೇ ಮೆಟ್ಟಿಲು ಹತ್ತಿದ. ಮೊದಲ ವರ್ಷದವರು ನಾಲ್ಕು ಜನ ಮೇಲೆ ಬಾಗಿಲ ಹತ್ತಿರ ಆಗಲೇ ಕಾಯುತ್ತಿದ್ದರು.